ಜಿಪ್ಪುವಿಗೊಂದು ಬಾಡಿಗೆ ಮನೆ

ಮನೆ ಹುಡುಕಲು ಹೋಗಿ ಏನೂ ಆಗದೆ ವಾಪಸ್ ಬಂದ ದಿನವೇ ನಮಗಿಲ್ಲ. ಏನಾದರೂ ಆದ ಕೂಡಲೇ ಅವ್ವ ನನ್ನ ಮುಖ ನೋಡುತ್ತಾಳೆ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಮುಖ ಅಂಥದ್ದಕ್ಕೆಲ್ಲ ಚೆನ್ನಾಗಿ ಹೊಂದುತ್ತದೆ.

ರಾಯದುರ್ಗದಲ್ಲಿ ನಾವಿದ್ದ ಮನೆಯನ್ನು ಕೆಡವಿ ಹೊಸದು ಕಟ್ಟುವವರಿದ್ದರು. ಅವ್ವ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುತ್ತಾಳೆ. ಅವಳ ತುಳಿಯುವ ಮಿಷನ್ ಕೆಳಗೆ, ಚಿಂದಿಯ ರಾಶಿಯಲ್ಲಿ ಬೆಳೆದ ನಾಯಿ ನಮ್ಮ ಜಿಪ್ಪು. ಮಿಷನ್ ಓಡಿದರೆ ನಿದ್ದೆ, ನಿಂತರೆ ಊಳು. ರಾತ್ರಿ ಮಿಷನ್ ಬದಲು ಅವ್ವನ ಗೊರಕೆ ಸಾಕು.

“ನಾಯಿಗೆ ಜಾಗ ಕೊಡೋ ಮನಿ ಸಿಗಲಿಲ್ಲಂದ್ರ ಡಿ. ಹಿರೇಹಾಳಿನ ನಿಮ್ಮ ಮಾವನ ಕುರಿಹಟ್ಟಿಗೆ ಕಳಿಸೋದ,” ಅಂದಳು ಅವ್ವ. ಅಂದು, ಸೆರಗಿನಿಂದ ಮೂಗು ಒರೆಸಿಕೊಂಡಳು. ದಿನಾ ಮಾಡುವ ಹಾಗೆ ಆವತ್ತು ನಾನು ಯಾರ ಚಪ್ಪಲಿಯನ್ನೂ ಬಚ್ಚಿಡಲಿಲ್ಲ.

ಮೂರು ಮಂದಿ

ಮೊದಲನೆಯದು ಹೊಸ ಲೇಔಟಿನ ಟೈಲ್ಸ್ ಮನೆ. ಓನರ್ ಕೇಳಿದರು, “ಎಷ್ಟು ಮಂದಿ ಇರ್ತೀರಿ?”

“ಮೂರು ಮಂದಿರಿ. ಅವ್ವ, ನಾನು, ಜಿಪ್ಪು.”

“ಈ ಜಿಪ್ಪು ಕುಡಿಯೋದು ಗಿಡಿಯೋದು ಏನಾರ?”

“ಹಾಲು ಬಿಟ್ರ ಏನೂ ಮುಟ್ಟಂಗಿಲ್ರಿ.”

“ಊರು ಸುತ್ತೋದು?”

“ಅವ್ವನ ಕಾಲು ಬಿಟ್ಟು ಏಳಂಗಿಲ್ರಿ.”

“ಹಡದ್ರ ಇಂಥಾ ಮಗನ್ನ ಹಡೀಬೇಕು ನೋಡಮ್ಮ,” ಅಂದರು ಓನರ್. ಅವ್ವ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಗೇಟಿನ ಸಂದಿಯಿಂದ ಜಿಪ್ಪು ಬಾಲ ಅಲ್ಲಾಡಿಸುತ್ತ ಒಳಗೆ ಬಂದ. ನಾನು ಹೆಸರು ಹಿಡಿದು ಕರೆದೆ.

ಓನರ್ ಅವನನ್ನು ನೋಡಿದರು, ನನ್ನನ್ನು ನೋಡಿದರು.

“ನಾಯಿಗೆ ಬೇಕಾದ್ರ ಮನಿ ಕೊಡ್ತೀನಮ್ಮ. ಇವನಿಗೆ ಬ್ಯಾಡ.”

ಟಗರಿನ ಕಾವಲು

ಕೋಟೆ ಬೆಟ್ಟದ ಬುಡದ ಮನೆಯ ಅಜ್ಜ ಒಂದು ಟಗರು ಸಾಕಿದ್ದರು.

“ನಾಯಿ ಐತಿ ಅಂದ್ರ ಚಲೋನ ಆತು. ನನ್ನ ಟಗರು ಕಾಯ್ತದೇನು?”

“ಅದರ ವಂಶನ ಕುರಿ ಕಾಯೋದು ಅಜ್ಜಾರ. ಇದರ ತಾತನ್ನ ಕಂಡ್ರ ತೋಳಗಳು ದಾರಿ ಬಿಡ್ತಿದ್ವು,” ಅಂದೆ.

ಅಜ್ಜ ಟಗರು ಬಿಚ್ಚಿದರು. ಜಿಪ್ಪು ಹುಟ್ಟಿದಾಗಿಂದ ಕಂಡದ್ದು ಬರೀ ಪ್ಯಾಂಟು. ಟಗರು ಒಮ್ಮೆ ತಲೆ ಕೊಡವಿತು ಅಷ್ಟೆ. ಅವನು ಅವ್ವನ ಹಿಂದೆ ಅಡಗಿ, ಅಲ್ಲೇ ಉಚ್ಚೆ ಹೊಯ್ದುಕೊಂಡ.

ಅಜ್ಜ ನಿಧಾನವಾಗಿ ಟಗರನ್ನು ಮತ್ತೆ ಕಟ್ಟಿದರು. “ಈ ನಾಯಿನ ಕಾಯಾಕ ನನ್ನ ಟಗರು ಕೂಡಿಸಬೇಕಾಗ್ತದ. ಹೋಗಿಬರ್ರಿ.”

ಮಧ್ಯಾಹ್ನದ ನಿದ್ದೆ

ದಾರಿಯುದ್ದಕ್ಕೂ ಅವ್ವ ಒಂದೇ ಮಾತು ಆಡಿದಳು: “ಇದು ಹಟ್ಟ್ಯಾಗ ಬದುಕಂಗಿಲ್ಲಲೋ.” ನಾನು ಜಿಪ್ಪುವನ್ನು ಎತ್ತಿಕೊಂಡು ನಡೆದೆ.

ಕೊನೆಗೆ ರಿಟೈರಾದ ಕಂಡಕ್ಟರ್ ಒಬ್ಬರು ತಮ್ಮ ಮನೆಯ ಮಹಡಿ ಕೊಟ್ಟರು. “ನಾಯಿ ಇರಲಿ. ಸದ್ದು ಮಾತ್ರ ಬ್ಯಾಡ.”

ಜಿಪ್ಪು ತುಟಿ ಬಿಚ್ಚಲಿಲ್ಲ. ಆದರೆ ಎರಡನೇ ಮಧ್ಯಾಹ್ನ ಕಂಡಕ್ಟರ್ ಮಾಮ ಮೇಲೆ ಬಂದರು. “ಏನಮ್ಮ ಈ ಮಿಷನ್ ಗಡಗಡ? ನಿದ್ದಿ ಮಾಡಬೇಕು, ನಿಲ್ಸು.”

“ನಿಲ್ಸಿದ್ರ ನಾಯಿ ಕೂಗ್ತದ ಅಣ್ಣಾರ.”

“ಮಿಷನ್ನಿಗೂ ನಾಯಿಗೂ ಏನ್ ಸಂಬಂಧ? ನಿಲ್ಸಮ್ಮ!”

ಅವ್ವ ಕಾಲು ತೆಗೆದಳು. ಜಿಪ್ಪು ಎದ್ದು ಕೂತು, ಕತ್ತೆತ್ತಿ, ಫ್ಯಾನಿನ ಕಡೆಗೆ ಊಳಿಟ್ಟ. ಬೀದಿಯ ನಾಯಿಗಳೆಲ್ಲ ದನಿಗೂಡಿಸಿದವು.

“ತುಳಿ, ತುಳಿಯಮ್ಮ!” ಅಂದರು ಮಾಮ, ಕಿವಿ ಮುಚ್ಚಿಕೊಂಡು. ಅವ್ವ ತುಳಿದಳು, ಜಿಪ್ಪು ಮಲಗಿದ. “ನಾಳಿಗೆ ಈ ನಾಯಿ ನನ್ನ ಮನ್ಯಾಗ ಇರಬಾರದು,” ಅಂತ ಹೇಳಿ ಮಾಮ ಇಳಿದು ಹೋದರು.

ಮರುದಿನ ಮಧ್ಯಾಹ್ನ ಅವ್ವ ಹೊಲಿದ ಪ್ಯಾಂಟುಗಳ ಗಂಟು ಕೊಡಲು ಹೋದಳು. ನಾನು ಜಿಪ್ಪುವನ್ನು ಮಿಷನ್ ಕಾಲಿಗೆ ಕಟ್ಟಿ, ಬಾಗಿಲು ಮುಂದಕ್ಕೆಳೆದು, ಹಿರೇಹಾಳಿಗೆ ಆಟೋ ತರಲು ಹೋದೆ. ವಾಪಸ್ ಬಂದರೆ ಬೀದಿಯಲ್ಲಿ ಊಳಿನ ಸದ್ದೇ ಇಲ್ಲ. ಮಾಮ ಅವನನ್ನು ಏನು ಮಾಡಿದರೋ! ಮೆಟ್ಟಿಲು ಹಾರಿ ಹತ್ತಿದೆ.

ಕಂಡಕ್ಟರ್ ಮಾಮ ಲುಂಗಿ ಎತ್ತಿ ಕಟ್ಟಿ, ಬೆವರು ಸುರಿಸುತ್ತ, ದಾರವಿಲ್ಲದ ಮಿಷನ್ ತುಳಿಯುತ್ತಿದ್ದರು. ಜಿಪ್ಪು ಅವರ ಪಕ್ಕದಲ್ಲಿ ಅಂಗಾತ ಬಿದ್ದು ನಿದ್ದೆ ಹೊಡೆಯುತ್ತಿದ್ದ.

“ಮಾಮಾರ, ಆಟೋ ಬಂದೈತ್ರಿ,” ಅಂದೆ.

ಅವರು ತುಟಿಗೆ ಬೆರಳಿಟ್ಟರು. ಕಾಲು ಮಾತ್ರ ನಿಲ್ಲಿಸಲಿಲ್ಲ.

“ಶ್... ಆಟೋ ವಾಪಸ್ ಕಳಿಸಲೇ. ಈಗರ ಮಲಗ್ಯಾನ.”