ಕಳ್ಳಿಗೆ ನೀರು ಹಾಕಿದವರು

ಗಿಡಗಳ ಮೇಲೆ ನನಗಿರುವ ಪ್ರೀತಿಯನ್ನು ಇದುವರೆಗೆ ಯಾವ ಗಿಡವೂ ತಾಳಿಕೊಂಡದ್ದಿಲ್ಲ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮನೆಯವರು ಹೇಳಿದರೆ ಇನ್ನೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ. ಹೊಳೆ, ಕಾಲುವೆ, ಭತ್ತದ ಗದ್ದೆ ನೋಡಿಕೊಂಡು ಬೆಳೆದವಳಿಗೆ ಗಿಡ ಕಂಡರೆ ನೀರು ಹಾಕಬೇಕು ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರದ ಬಾಡಿಗೆ ಮನೆಗೆ ಬಂದೆ. ಆ ಬಿಸಿಲು ನೋಡಿ ಗಿಡಗಳ ಮೇಲೆ ಕನಿಕರ ಉಕ್ಕಿತು. ಮಲ್ಲಿಗೆ ಬಳ್ಳಿಗೆ ಹೊತ್ತುಹೊತ್ತಿಗೆ ನೀರೆರೆದೆ, ಬೇರು ಕೊಳೆಯಿತು. ದಾಸವಾಳವೂ ಅದರ ಹಿಂದೆಯೇ ಹೋಯಿತು. ತುಳಸಿ ಹೋದ ದಿನ ಮಾತ್ರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಹೋದದ್ದು ಗಿಡ ಅಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಅತ್ತೆಗೆ ಕೈಗುಣದ ಮೇಲೆ ಬಲವಾದ ನಂಬಿಕೆ. ಅವರು ಕುರುಗೋಡಿನವರು, ಅವರ ಮಾವಿನಕಾಯಿ ಉಪ್ಪಿನಕಾಯಿಗೆ ಬಂಧುಬಳಗದಲ್ಲಿ ದೊಡ್ಡ ಹೆಸರು. "ಗಿಡ ಉಳೀಲಾರದ ಕೈಯಾಗ ಉಪ್ಪಿನಕಾಯಿನೂ ಉಳಿಯೂದಿಲ್ಲ, ಬೂಷ್ಟು ಹಿಡೀತೈತಿ" ಎಂದು ತೀರ್ಪು ಕೊಟ್ಟು, ಭರಣಿಯನ್ನು ಅಟ್ಟಕ್ಕೇರಿಸಿದರು. ಅಡುಗೆಮನೆಯಲ್ಲಿ ಎಲ್ಲವನ್ನೂ ಮುಟ್ಟಬಹುದಾಗಿತ್ತು, ಆ ಭರಣಿಯೊಂದನ್ನು ಬಿಟ್ಟು. ಊಟದ ಹೊತ್ತಿಗೆ ಅವರೇ ಇಳಿಸಿ, ಅವರೇ ಬಡಿಸಿ, ಅವರೇ ಬಾಯಿಗೆ ಬಟ್ಟೆ ಕಟ್ಟಿ ಮೇಲಿಡುತ್ತಿದ್ದರು. ಬಾಯಿಗೆ ಅಂದರೆ ಭರಣಿಯ ಬಾಯಿಗೆ. ನಾಲ್ಕು ಮಂದಿಯ ಮುಂದೆ "ಇದು ನಮ್ಮ ಶಾರದಾ ಹಾಕಿದ್ದು" ಎಂದು ಅತ್ತೆ ಹೇಳುವುದನ್ನು ಒಮ್ಮೆ ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಆಗ ಯಾರಾದರೂ ಬಂಗಾರದ ಬಳೆ ಕೊಡುತ್ತೇನೆಂದರೂ ನಾನು ಭರಣಿಯನ್ನೇ ಕೇಳುತ್ತಿದ್ದೆನೇನೋ.

ಮೂರನೆಯ ಬೇಸಿಗೆಯ ಮೊದಲು ಅತ್ತೆ ಕುರುಗೋಡಿನಿಂದ ಕುಂಡ ಸಮೇತ ಒಂದು ಕಳ್ಳಿ ತಂದರು. ಬೇಲಿಗೆ ಹಾಕುವ ಕಳ್ಳಿಯಲ್ಲ. ಬೆರಳು ದಪ್ಪದ ಬೂದಿಬಣ್ಣದ ಟೊಂಗೆಗಳು, ಮೈತುಂಬ ಮುಳ್ಳು, ತುದಿಯಲ್ಲಿ ಒಂದಿಷ್ಟು ಎಲೆ, ಅದರ ನಡುವೆ ಪುಟ್ಟ ಕೆಂಪು ಹೂ. ದೃಷ್ಟಿ ತಾಗದಿರಲೆಂದು ಅದನ್ನು ಬಾಗಿಲ ಮೆಟ್ಟಿಲ ಪಕ್ಕ ಇಟ್ಟು ನನಗೆ ಹೇಳಿದರು: "ಇದು ಸಾಯೂ ಜಾತಿ ಅಲ್ಲ. ನೀರು ಹಾಕಬ್ಯಾಡ, ಜಾಗ ಬದಲಿ ಮಾಡಬ್ಯಾಡ. ಮಾವಿನಕಾಯಿ ದಿನದ ತನಕ ಉಳಿಸು, ಈ ಸಲ ಉಪ್ಪಿನಕಾಯಿ ನೀನ ಹಾಕೀಯಂತ." ಏನೂ ಮಾಡದೆ ಗೆಲ್ಲಬಹುದಾದ ಪರೀಕ್ಷೆ ಅದು. ನಾನು ಕೈಕಟ್ಟಿ ಕೂತೆ. ಆದರೂ ಕೆಲವೇ ವಾರಗಳಲ್ಲಿ ಎಲೆ ಹಳದಿಯಾಗಿ ಉದುರತೊಡಗಿದವು. ಬುಡ ಮುಟ್ಟಿ ನೋಡಿದರೆ ಮಣ್ಣು ಒದ್ದೆ. ನಾನು ನಿದ್ದೆಗಣ್ಣಿನಲ್ಲಿ ಎದ್ದು ನೀರು ಹಾಕುತ್ತಿದ್ದೇನೆಯೇ ಎಂದು ನನ್ನ ಮೇಲೆ ನನಗೇ ಗುಮಾನಿ ಬಂತು.

ಕಾರಣ ಗೊತ್ತಾದದ್ದು ಒಂದು ಸೋಮವಾರ, ಬಾಗಿಲಲ್ಲಿ ಕೂತು ಅಕ್ಕಿ ಆರಿಸುವಾಗ. ಕೋರ್ಟು, ಆಸ್ಪತ್ರೆ, ಮದುವೆಯ ಜವಳಿ, ಯಾವ ಕೆಲಸಕ್ಕೆ ಬಳ್ಳಾರಿಗೆ ಬಂದರೂ ಕುರುಗೋಡಿನ ಕಡೆಯವರೆಲ್ಲ ಇಳಿಯುತ್ತಿದ್ದದ್ದು ನಮ್ಮ ಮನೆಯಲ್ಲೇ. ಬಂದವರಿಗೆ ಕಾಲು ತೊಳೆಯಲು ತಂಬಿಗೆ ತುಂಬ ನೀರು ಕೊಡುವುದು ಪದ್ಧತಿ. ಬಿಸಿಲ ನಾಡಿನ ಜನ ಹನಿ ನೀರನ್ನೂ ಚೆಲ್ಲುವವರಲ್ಲ. ಕಾಲು ತೊಳೆದು, ಮುಖಕ್ಕೆ ಎರಚಿಕೊಂಡು, ಉಳಿದದ್ದನ್ನು "ಪಾಪ, ಒಣಗೇತಿ" ಎನ್ನುತ್ತ ಕಳ್ಳಿಯ ಬುಡಕ್ಕೆ ಸುರಿದು ಒಳಗೆ ಬರುತ್ತಿದ್ದರು. ಒಬ್ಬರಲ್ಲ, ಎಲ್ಲರೂ. ನಾನು ಒಬ್ಬಳೇ ಮಾಡುತ್ತಿದ್ದ ಕೆಲಸವನ್ನು ಇಡೀ ಬಳಗವೇ ವಹಿಸಿಕೊಂಡಿತ್ತು.

ಬಂದವರಿಗೆ ಹಾಕಬೇಡಿ ಎನ್ನುವುದು ಹೇಗೆ? ಕುಂಡ ಸರಿಸುವಂತಿಲ್ಲ. ಕೊನೆಗೆ ಅರ್ಧ ತಂಬಿಗೆ ನೀರು ಕೊಡಲು ಶುರುಮಾಡಿದೆ. ಹದಿನೈದು ದಿನಗಳಲ್ಲಿ ಸಿರುಗುಪ್ಪದ ಹೊಳೆ ಬತ್ತಿದೆಯಂತೆ ಎಂಬ ಕುಹಕ ಕುರುಗೋಡಿನಿಂದ ನನ್ನ ಕಿವಿಗೇ ಬಂದು ಮುಟ್ಟಿತು. ಅಷ್ಟರಲ್ಲಿ ಅತ್ತೆಯ ಮೈದುನ, ನಾನು ಸಣ್ಣಮಾವ ಎನ್ನುವ ಬಸಣ್ಣನವರು ಬಂದರು. ಹಿರಿಯರು, ಸಿಟ್ಟಿನವರು. ಹೆದರಿ ತಂಬಿಗೆ ತುಂಬಿಯೇ ಕೊಟ್ಟೆ. ಅವರು ಕಾಲು ತೊಳೆದು, ತಂಬಿಗೆಯನ್ನು ಕಳ್ಳಿಯ ಕಡೆ ವಾಲಿಸಿದರು. ನನಗೆ ಏನಾಯಿತೋ, ಹಾರಿ ಹೋಗಿ ತಂಬಿಗೆ ಕಿತ್ತುಕೊಂಡೆ.

"ಯಾಕವ್ವಾ, ನನ್ನ ಕೈಯಾಗ ವಿಷ ಐತೇನು?" ಎಂದರು ಸಣ್ಣಮಾವ, ಮೆಲ್ಲಗೆ. ಜೋರಾಗಿ ಕೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ನನ್ನ ಭರಣಿ ಅಟ್ಟದಿಂದ ಮಾಳಿಗೆಗೆ ಏರಿತು ಅಂದುಕೊಂಡೆ.

"ನಿನ್ನ ಕೈಯಾಗ ಏನೂ ಇಲ್ಲ ಬಸಣ್ಣ" ಎಂದರು ಅತ್ತೆ. "ಆ ಗಿಡಕ್ಕ ನೀರಾಗೂದಿಲ್ಲ. ಕಾಯ್ಕೋ ಅಂತ ನಾನ ಹೇಳಿದ್ದೆ, ಆಕಿ ಕಾಯಾಕತ್ಯಾಳ. ನೀ ಒಳಗ ಬಾ." ಆಮೇಲೆ ಅಡುಗೆಮನೆಯಲ್ಲಿ ನನಗೆ ಬೇರೆಯೇ ಮಂಗಳಾರತಿ ಆಯಿತು: "ಹಿರೇರ ಕೈಯಾಗಿಂದು ಕಸಗೋತಾರೇನ? ಹೋಗಿ ಕಾಲಿಗೆ ಬೀಳು." ಬಿದ್ದೆ. ಸಣ್ಣಮಾವ ಊಟ ಮುಗಿಸಿ ಬಂದು, ಕಳ್ಳಿಯನ್ನು ಕಿತ್ತು, ಕೊಳೆತ ಬುಡ ಕೊಯ್ದು, ಟೊಂಗೆಗಳ ಹಾಲು ಆರಲೆಂದು ನೆರಳಲ್ಲಿಟ್ಟರು. ಕೆಲವು ದಿನ ಬಿಟ್ಟು ಅತ್ತೆ ಅವನ್ನು ಮರಳು, ಇಟ್ಟಿಗೆ ಚೂರು ತುಂಬಿದ ಕುಂಡದಲ್ಲಿ ಊರಿದರು. ಮಾವಿನಕಾಯಿ ಪೇಟೆಗೆ ಬರುವ ಹೊತ್ತಿಗೆ ಎರಡು ಟೊಂಗೆ ಚಿಗುರಿದ್ದವು. ಅತ್ತೆ ಅದನ್ನು ನೋಡಿ ಭರಣಿ ಇಳಿಸಿ ನನ್ನ ಮುಂದಿಟ್ಟರು.

ಉಪ್ಪಿನಕಾಯಿ ಹಾಕಿದೆ. ಅದನ್ನು ಎಷ್ಟು ಜೋಪಾನ ಮಾಡಿದೆನೆಂದರೆ, ಬೂಷ್ಟು ಬಂದಿದೆಯೇ ಎಂದು ದಿನಾ ಬಟ್ಟೆ ಬಿಚ್ಚಿ ನೋಡುತ್ತಿದ್ದೆ. ಚಮಚ ಸ್ವಚ್ಛವಿರಲೆಂದು ಪ್ರತಿ ಸಲ ತೊಳೆದು, ಹಾಗೇ ಒದ್ದೆಯಾಗಿಯೇ ಅದ್ದಿ, ರುಚಿ ನೋಡುತ್ತಿದ್ದೆ. ತಿಂಗಳೊಳಗೆ ಬಿಳಿ ಬೂಷ್ಟು ಭರಣಿಯ ಬಾಯಿತನಕ ಬಂತು. ಅತ್ತೆ ಅದನ್ನು ಕಂಡರು, ಒದ್ದೆ ಚಮಚವನ್ನೂ ಕಂಡರು. ಮೇಲಿನದನ್ನು ಕೆರೆದು ತೆಗೆದರು, ಅಷ್ಟೇ.

ಮುಂದಿನ ಸಲ ಬಂದ ಸಣ್ಣಮಾವ ಊಟಕ್ಕೆ ಕೂತು, ಉಪ್ಪಿನಕಾಯಿ ನಾಲಿಗೆಗೆ ಹಚ್ಚಿ ಮುಖ ಕಿವುಚಿದರು. "ಯಾರು ಹಾಕ್ಯಾರ ಇದನ್ನ?" ಎಂದರು. ನಾನು ಅವರು ಕೇಳದೆಯೇ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.

"ನಾನ ಹಾಕೀನಿ" ಎಂದರು ಅತ್ತೆ. "ವಯಸ್ಸಾತಪ್ಪ. ಈ ವರ್ಷ ಕೈ ತಪ್ಪೇತಿ."

ಉಪ್ಪಿನಕಾಯಿಯ ಆ ಹೆಸರನ್ನು ಗಳಿಸಲು ಅವರಿಗೆ ಒಂದು ಜೀವಮಾನ ಹಿಡಿದಿತ್ತು. ನನಗಾಗಿ ಅದನ್ನು ತಟ್ಟೆಯ ಅಂಚಿಗೆ ಸರಿಸಿಬಿಟ್ಟರು. ಅವರ ಆ ಒಂದು ಮಾತಿನ ಋಣ ನಾನು ಇವತ್ತಿಗೂ ತೀರಿಸಿಲ್ಲ, ತೀರಿಸುವುದು ಸಾಧ್ಯವೂ ಇಲ್ಲ. ಆಗ ಕಣ್ಣಲ್ಲಿ ನೀರು ಬಂದದ್ದನ್ನು ಖಾರದ ಮೇಲೆ ಹಾಕಿದೆ.

ಸಣ್ಣಮಾವ ಮಜ್ಜಿಗೆ ಕುಡಿದು, ಬಹಳ ಯೋಚಿಸಿ ಹೇಳಿದರು: "ಇನ್ನ ನಿಮಗ ಆಗೂದಿಲ್ಲ ಬಿಡ್ರಿ ಅತ್ತಿಗಿ. ಮುಂದಿನ ವರ್ಷದಿಂದ ಶಾರದಾಗ ಬಿಟ್ಟುಕೊಡ್ರಿ. ಆಕಿ ಛಲೋ ಜತನ ಮಾಡ್ತಾಳ."

ನಾನು ಸೆರಗು ಸರಿಪಡಿಸಿಕೊಂಡು, ಅಷ್ಟು ದೊಡ್ಡ ಜವಾಬ್ದಾರಿ ನನ್ನಂಥವಳಿಂದ ಆದೀತೇ ಎಂಬ ವಿನಯದಿಂದ ತಲೆ ತಗ್ಗಿಸಿದೆ.