ಪ್ರಾಡಕ್ಟ್ ಮ್ಯಾನೇಜರ್ ಸುಬೇದಾರ

ನನಗೆ ನಗು ಬರುವುದಿಲ್ಲ. ಆದರೆ ನಗುವಂಥ ಘಟನೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಸೇನೆಯಲ್ಲಿ ತಿಂಗಳಿಗೊಂದು ಬರುತ್ತಿತ್ತು. ಆಫೀಸು ಸೇರಿದ ಮೇಲೆ ದಿನಕ್ಕೊಂದು.

ಇಪ್ಪತ್ತೆಂಟು ವರ್ಷ ಸೇನೆಯ ಲಾರಿಗಳ ಸಾಲು ನಡೆಸಿದೆ. ಸುಬೇದಾರನಾಗಿ ನಿವೃತ್ತನಾದೆ. ದಾವಣಗೆರೆಯಲ್ಲಿ ಮಾಜಿ ಸೈನಿಕನಿಗೆ ಜನ ಎರಡೇ ಕೆಲಸ ಕೊಡುತ್ತಾರೆ. ಗೇಟು ಕಾಯುವುದು. ನೆಂಟರಿಗೆ ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿ ತರುವುದು. ನನಗೆ ಎರಡೂ ಬೇಡವಾಗಿತ್ತು.

೧. ಸ್ಟೂಲು

ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ಸಣ್ಣ ಕಂಪನಿ. ಲಾರಿ ಬಾಡಿಗೆಗೆ ಆ್ಯಪ್ ಮಾಡುತ್ತಿದ್ದರು. ಪ್ರಾಡಕ್ಟ್ ಮ್ಯಾನೇಜರ್ ಬೇಕಿತ್ತು. ಎಂದರೆ, ಆ್ಯಪಿನಲ್ಲಿ ಏನಿರಬೇಕು, ಯಾವಾಗ ಆಗಬೇಕು ಎಂದು ತೀರ್ಮಾನಿಸಿ, ಮಾಡಿಸಿ, ಕೊನೆಗೆ ಎಲ್ಲರಿಂದ ಬೈಸಿಕೊಳ್ಳುವವನು. ಲಾರಿ ಗೊತ್ತಿದ್ದವರು ಬೇಕು ಎಂದಿದ್ದರು. ಅರ್ಜಿ ಹಾಕಿದೆ. ಕರೆದರು.

ಬಾಗಿಲಲ್ಲಿದ್ದ ಗುಮಾಸ್ತ ನನ್ನ ಮೀಸೆ ನೋಡಿದ. ಬೂಟು ನೋಡಿದ.

"ಬಂದ್ರಾ? ಆ ಸ್ಟೂಲ್ ಮೇಲೆ ಕೂಡ್ರಿ. ಟೋಪಿ, ಲಾಠಿ ನಾಳೆ ಕೊಡ್ತೀವಿ. ಕಾರ್ಡ್ ಇಲ್ದೆ ಯಾರನ್ನೂ ಒಳಗ ಬಿಡಬ್ಯಾಡ್ರಿ."

ಮೈ ಉರಿಯಿತು. ಆದರೆ ಹುಕುಂ ಎಂದರೆ ಹುಕುಂ. ಕೂತೆ. ಐದು ನಿಮಿಷಕ್ಕೆ ಸ್ಕೂಟರಿನಲ್ಲಿ ಒಬ್ಬ ಹೆಣ್ಣುಮಗಳು ಬಂದಳು.

"ಕಾರ್ಡು?" ಎಂದೆ.

"ಮನ್ಯಾಗೆ ಐತೆ. ಬಿಡ್ರಿ ಅಂಕಲ್, ಲೇಟಾಗೈತೆ. ಇಂಟರ್‌ವ್ಯೂ ಐತೆ."

"ನನಗೂ ಐತೆ. ಕೂಡ್ರಮ್ಮ."

ಇಬ್ಬರೂ ಇಪ್ಪತ್ತು ನಿಮಿಷ ಕೂತೆವು. ಗುಮಾಸ್ತ ಹೊರಗೆ ಬಂದು ತಲೆ ಚಚ್ಚಿಕೊಂಡ. ನನ್ನ ಇಂಟರ್‌ವ್ಯೂ ಮಾಡಬೇಕಿದ್ದವಳೇ ಆಕೆ. ಕಂಪನಿಯ ಮಾಲಕಿ.

"ಮೂರು ತಿಂಗಳು ನೋಡೋಣ ಅಂಕಲ್," ಎಂದಳು. "ಅಷ್ಟರಾಗ ಮೂವತ್ತು ಲಾರಿ ನಮ್ಮ ಆ್ಯಪ್‌ನಿಂದ ಲೋಡ್ ಒಯ್ದರೆ ಕೆಲಸ ಪಕ್ಕಾ. ಇಲ್ಲಾಂದ್ರೆ..."

ಸ್ಟೂಲಿನ ಕಡೆ ನೋಡಿದಳು.

೨. ನಿಂತು ಮಾಡುವ ಸಭೆ

ದಿನಾ ಬೆಳಿಗ್ಗೆ ಹತ್ತಕ್ಕೆ ಸಭೆ. ಎಲ್ಲರೂ ನಿಂತು ಮಾಡಬೇಕೆಂಬುದು ನಿಯಮ, ಬೇಗ ಮುಗಿಯಲಿ ಎಂದು. ಹೋಗಿ ನೋಡಿದರೆ ಮೂವರು ಇಂಜಿನಿಯರುಗಳೂ ಕೂತಿದ್ದರು. ಒಬ್ಬ ಮಲಗಿದ್ದ ಎಂದರೂ ನಡೆಯುತ್ತದೆ. ಕೈಯಲ್ಲಿ ಚಹಾ. ಸಭೆ ಒಂದು ಗಂಟೆ ನಡೆಯಿತು.

ಮರುದಿನ ಅವರು ಬರುವ ಮೊದಲೇ ಕುರ್ಚಿಗಳನ್ನು ತೆಗೆಸಿದೆ. ಸಭೆ ನಾಲ್ಕು ನಿಮಿಷಕ್ಕೆ ಮುಗಿಯಿತು. ಆಮೇಲೆ ಮೂವರೂ ಮಾಲಕಿಯ ಹತ್ತಿರ ಓಡಿದರು. ಆಕೆ ಬಂದಳು.

"ಅಂಕಲ್, ಕುರ್ಚಿ ಎಲ್ಲಿ?"

"ಸ್ಟೋರಿಗೆ ಜಮಾ ಆಗಿದೆ. ಅರ್ಜಿ ಬರೆದುಕೊಟ್ಟರೆ ಸಿಗುತ್ತದೆ."

"ಮೂರೂ ಕೊಡ್ರಿ ಅಂಕಲ್."

"ನಾಲ್ಕು ಬರೆಯಮ್ಮ. ನಿಂದೂ ಅಲ್ಲೇ ಐತೆ."

೩. ತೊಂಬತ್ತು ಪರ್ಸೆಂಟ್

ಕೆಲಸ ಮುಗಿಯಿತೇ ಎಂದು ಕೇಳಿದರೆ ಹಿರಿಯ ಇಂಜಿನಿಯರ್ ಯಾವಾಗಲೂ ಒಂದೇ ಉತ್ತರ ಕೊಡುತ್ತಿದ್ದ. "ತೊಂಬತ್ತು ಪರ್ಸೆಂಟ್ ಆಗೈತೆ ಸರ್." ಮೂರು ವಾರ ಇದೇ ಕೇಳಿದೆ.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೋದೆ. ತುಂಗಭದ್ರಾ ಸೇತುವೆಯ ನಡುವೆ ನಿಲ್ಲಿಸಿದೆ.

"ಇದು ತೊಂಬತ್ತು ಪರ್ಸೆಂಟ್ ಆಗಿದ್ದರೆ?"

ಅವನು ಕೆಳಗೆ ನೀರು ನೋಡಿದ. "ನನಗೆ ಈಜು ಬರಲ್ಲ ಸರ್," ಎಂದ. ಎರಡು ದಿನದಲ್ಲಿ ಮುಗಿಸಿದ.

೪. ಸಮೀಕ್ಷೆ

ಚಾಲಕರನ್ನು ಮಾತಾಡಿಸಿ, ಅವರಿಗೇನು ಬೇಕೆಂದು ತಿಳಿದು ಬರಬೇಕು ಎಂದಳು ಮಾಲಕಿ. ಹರಿಹರದ ಲಾರಿ ಸ್ಟ್ಯಾಂಡಿಗೆ ಹೋದೆ. ಹದಿನೈದು ಲಾರಿ ನಿಂತಿದ್ದವು. ಪಟ್ಟಿ ಹಿಡಿದು ಮೊದಲ ಲಾರಿಯ ಮುಂದೆ ನಿಂತೆ.

"ಹೆಸರು? ಗಾಡಿ ನಂಬರ್? ದಿನಕ್ಕೆ ಎಷ್ಟು ಟ್ರಿಪ್?"

"ಪೇಪರ್ ಎಲ್ಲಾ ಕರೆಕ್ಟ್ ಅದಾವ್ರಿ ಸಾಹೇಬ್ರೆ!" ಎಂದು ಕೂಗಿ ಅವನು ಗಾಡಿ ಬಿಟ್ಟ. ಅವನ ಹಿಂದೆ ಹದಿಮೂರು ಗಾಡಿ. ಐದು ನಿಮಿಷಕ್ಕೆ ಸ್ಟ್ಯಾಂಡು ಖಾಲಿ. ಆರ್‌ಟಿಓ ಎಂದುಕೊಂಡಿದ್ದರು. ಉಳಿದವನು ಒಬ್ಬನೇ. ಅವನ ಟೈರ್ ಪಂಕ್ಚರ್ ಆಗಿತ್ತು.

ಜಾಕ್ ಹಿಡಿದೆ. ಟೈರ್ ಬದಲಿಸಿಕೊಟ್ಟೆ. ಆಗ ಬಾಯಿಬಿಟ್ಟ.

"ನಿಮ್ಮ ಆ್ಯಪ್‌ನಾಗೆ ಒತ್ತೋ ಗುಂಡಿ ಹನ್ನೊಂದು ಅದಾವ್ರಿ. ನನ್ನ ಲಾರ್ಯಾಗೂ ಅಷ್ಟಿಲ್ಲ. ಒಂದು ಇಡ್ರಿ, ಸಾಕು."

ಹತ್ತು ಗುಂಡಿ ತೆಗೆಸಿದೆ. ಹಿರಿಯ ಇಂಜಿನಿಯರ್ ಕಣ್ಣೀರು ಹಾಕಿದ.

೫. ಒತ್ತು

ಮೂರನೆಯ ತಿಂಗಳ ಕೊನೆಯ ದಿನ ಬಂತು. ಆ್ಯಪಿನಿಂದ ಲೋಡ್ ಒಯ್ದ ಲಾರಿ ಒಂದೂ ಇಲ್ಲ. ಗುಮಾಸ್ತ ಆಗಲೇ ಲಾಠಿಗೆ ಎಣ್ಣೆ ಹಚ್ಚಿ ಇಟ್ಟಿದ್ದ.

ಬೆಳಿಗ್ಗೆ ಏಳಕ್ಕೆ ಹರಿಹರ. ಪಂಕ್ಚರ್ ಚಾಲಕ ಎಲ್ಲರಿಗೂ ಹೇಳಿದ್ದ, "ಆರ್‌ಟಿಓ ಅಲ್ರಪ್ಪ, ನಮ್ಮೋರೇ." ಮೂವತ್ತು ಜನ ಬಂದರು. ಹತ್ತರಂತೆ ಮೂರು ಸಾಲು ನಿಲ್ಲಿಸಿದೆ. ಸೈನ್ಯದಲ್ಲಿ ಬಂದೂಕು ಕಲಿಸುವುದು ಹೀಗೆಯೇ. ಮೊಬೈಲು ಎದೆಯ ಮಟ್ಟಕ್ಕೆ. ಲೋಡು ಹಿಡಿಯುವ ಆ ಒಂದೇ ಗುಂಡಿಯ ಮೇಲೆ ಹೆಬ್ಬೆರಳು ಸಿದ್ಧ.

"ಒತ್ತು!"

ಮೂವತ್ತು ಹೆಬ್ಬೆರಳು ಒಂದೇ ಸಲ ಬಿದ್ದವು. ಅಚ್ಚುಕಟ್ಟು. ಆ ಹೊತ್ತಿಗೆ ಆ್ಯಪಿನಲ್ಲಿದ್ದ ಲೋಡು ಒಂದೇ. ದಾವಣಗೆರೆಯ ವಿನೋಬನಗರದ ವ್ಯಾಪಾರಿ ಹೆಂಗಸೊಬ್ಬರ ಮೂವತ್ತು ಚೀಲ ಮಂಡಕ್ಕಿ, ಚಿತ್ರದುರ್ಗದ ಸಂತೆಗೆ. ಮೂವತ್ತೂ ಮೊಬೈಲಿನಲ್ಲಿ ಬಂತು: "ಲೋಡು ನಿಮ್ಮದೇ."

ಮೂವತ್ತು ಲಾರಿ ಹೊರಟವು. ಸೀಟಿ ಊದಿದೆ. ಯಾರೂ ನಿಲ್ಲಲಿಲ್ಲ. ಕೊನೆಯ ಲಾರಿ ಹತ್ತಿ ಇಂಜಿನಿಯರಿಗೆ ಫೋನ್ ಮಾಡಿ ಬೈದೆ.

"ಮೂವತ್ತು ಜನ ಒಂದೇ ಸೆಕೆಂಡಿಗೆ ಒತ್ತುತಾರೆ ಅಂತ ಯಾರು ಅನ್ಕೊಂಡಿದ್ರು ಸರ್?" ಎಂದ. ಫೋನ್ ಇಟ್ಟೆ.

ವಿನೋಬನಗರದ ಆ ಬೀದಿಯಲ್ಲಿ ಎರಡು ಆಟೋ ಎದುರಾದರೇ ಜಗಳ. ಮೂವತ್ತು ಲಾರಿ ನುಗ್ಗಿದವು. ವ್ಯಾಪಾರಿ ಹೆಂಗಸು ಬಾಗಿಲಿಗೆ ಬಂದರು.

"ಯಾರ್ರೀ ಇವ್ರೆಲ್ಲ? ನಾ ಕಳಿಸೋದು ಮಂಡಕ್ಕಿ, ಬೆಟ್ಟ ಅಲ್ಲ!"

ವಾಪಸ್ ಹೋಗಿ ಎಂದೆ. ಚಾಲಕರು ಒಪ್ಪಲಿಲ್ಲ. "ಬೆಳಿಗ್ಗೆ ಮೊದಲ್ನೇ ಲೋಡು ಸಾಹೇಬ್ರೆ. ಖಾಲಿ ಗಾಡಿ ತಿರುಗಿಸಿದ್ರೆ ಬೋಣಿ ಹಾಳು." ಎಂಜಿನ್ ಬಂದ್ ಮಾಡಿ ಇಳಿದರು. ಹಿಂದೆ ಸ್ಕೂಲ್ ವ್ಯಾನು, ಹಾಲಿನ ಗಾಡಿ, ಇಡೀ ಬೀದಿಯ ಬೈಗುಳ. ಮಾಲಕಿ ಸ್ಕೂಟರ್ ಬಿಟ್ಟು ನಡೆದು ಬಂದಳು.

ಹುಕುಂ ಕೊಟ್ಟೆ. "ಗಾಡಿಗೆ ಒಂದು ಚೀಲ. ದುಡ್ಡು ಕೊಟ್ಟು ಮನೆಗೆ ಒಯ್ಯಿರಿ. ಬೋಣಿ ಆಯಿತು. ನಡೆ!"

ಚಾಲಕರು ಚೌಕಾಸಿ ಮಾಡಿ ತಲಾ ಒಂದು ಕೊಂಡರು. ಹತ್ತು ಟನ್ನಿನ ಲಾರಿಯಲ್ಲಿ ಒಂದು ಚೀಲ ಮಂಡಕ್ಕಿ. ಮೇಲೆ ತಾಡಪಾಲು. ಅದಕ್ಕೆ ಹಗ್ಗ. ಹೀಗೆ ಮೂವತ್ತು ಲಾರಿ ನನ್ನ ಮುಂದೆ ಹಾದುಹೋದವು. ತಲೆ ತಗ್ಗಿಸಿ ನಿಂತೆ.

ಮಾಲಕಿ ಬೆರಳು ಮಡಚಿ ಎಣಿಸುತ್ತಿದ್ದಳು. "ಮೂವತ್ತು ಲಾರಿ, ಮೂವತ್ತು ಲೋಡ್. ಕೆಲಸ ಪಕ್ಕಾ ಅಂಕಲ್."

"ಇದು ಲೋಡಾ? ನಾಚಿಕೆಗೇಡು! ನಾನು ಒಪ್ಪಲ್ಲ."

ವ್ಯಾಪಾರಿ ಹೆಂಗಸು ನಡುವೆ ಬಂದರು.

"ನೀವು ಸುಮ್ನಿರ್ರಿ. ಮಾಲು ಬೀದಿ ದಾಟೋ ಮೊದ್ಲೇ ಮಾರಿ ಹೋತು. ದುರ್ಗದ ಬಾಡಿಗೆನೂ ಉಳೀತು. ಇಂಥಾ ಚಲೋ ಆ್ಯಪ್ ನಾ ಕಂಡಿಲ್ಲ. ನಾಳೆ ನಲವತ್ತು ಚೀಲ ಅದಾವೆ. ನಲವತ್ತು ಲಾರಿ ಕಳಿಸ್ರಿ."