ಸ್ಟೇಡಿಯಂ ನಡುವಿನ ಮೇಟಿ

ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನಂತೆ. ಶುದ್ಧ ಸುಳ್ಳು. ನನ್ನ ಮೊಣಕಾಲು ಮೆತ್ತಗಾಗಿದೆಯೇ ಹೊರತು ಹಟ ಗಟ್ಟಿಯಾಗುತ್ತಲೇ ಇದೆ. ಸಂಶಯವಿದ್ದವರು ನಮ್ಮೂರ ಪುರಸಭೆಯ ಫುಟ್‌ಬಾಲ್ ಸ್ಟೇಡಿಯಂಗೆ ಬಂದು ವಿಚಾರಿಸಬಹುದು.

ಸ್ಟೇಡಿಯಂ ಎಂದೊಡನೆ ಏನೇನೋ ಊಹಿಸಿಕೊಳ್ಳಬೇಡಿ. ಒಂದು ಬದಿಗೆ ಕೂರಲು ಕಲ್ಲಿನ ಮೆಟ್ಟಿಲು, ಎರಡು ತುದಿಗೆ ಗೋಲು ಕಂಬ, ಅಷ್ಟೇ. ಮೊದಲು ಅದು ಊರವರೆಲ್ಲ ಜೋಳದ ತೆನೆ ತುಳಿಸುತ್ತಿದ್ದ ಕಣ. ನಡುವೆ ಎತ್ತು ಕಟ್ಟಿ ಸುತ್ತಿಸುವ ಮೇಟಿ ಕಂಬ. ರಾಶಿಗೆ ಮುಂಚೆ ಅದಕ್ಕೇ ಪೂಜೆ. ಯಂತ್ರ ಬಂದು ಕಣ ಖಾಲಿಯಾದಾಗ ಪುರಸಭೆ ಅದನ್ನು ಸ್ಟೇಡಿಯಂ ಮಾಡಿತು. ಆದರೆ ಪೂಜೆ ಕಂಡ ಮೇಟಿಯನ್ನು ಕೀಳಲು ಯಾರೂ ಮುಂದೆ ಬರಲಿಲ್ಲ. ಸರಿ, ಅದರ ಸುತ್ತಲೇ ಸುಣ್ಣದ ಗೆರೆ ಎಳೆದು ಆಟ ಶುರು ಮಾಡಿದೆವು. ನಮ್ಮೆದುರು ಆಡಲು ಬಂದ ಕೂಡ್ಲಿಗಿಯವರು, ಹಡಗಲಿಯವರು ಚೆಂಡಿನ ಮೇಲೆ ಕಣ್ಣಿಟ್ಟು ಓಡಿಬಂದು ಮೇಟಿಗೆ ಎದೆ ಕೊಡುತ್ತಿದ್ದರು. ನನ್ನ ಜನ್ಮದ ಏಕೈಕ ಗೋಲು ಬಂದದ್ದೂ ಅಲ್ಲೇ. ನಾನು ಎತ್ತಲೋ ಒದ್ದ ಚೆಂಡು ಮೇಟಿಗೆ ಬಡಿದು ನೇರ ಹಡಗಲಿಯವರ ಗೋಲಿಗೆ ನುಗ್ಗಿತು. ನಮ್ಮ ಗೋಲ್‌ಕೀಪರ್ ಕೊಟ್ರೇಶ ಇಂದಿಗೂ, "ಗೋಲ್ ಹೊಡದದ್ದು ಮೇಟಿ, ನೀನಲ್ಲಲೇ" ಎಂದು ಹಂಗಿಸುತ್ತಾನೆ. ಹಂಗಿಸಲಿ. ಮೇಟಿ ಹೋದರೆ ನನ್ನ ಗೋಲಿಗೆ ಸಾಕ್ಷಿಯೇ ಇಲ್ಲ.

ಕಳೆದ ವರ್ಷ ಹೊಸ ಇಂಜಿನಿಯರ್ ಜೆಸಿಬಿ ತಂದ. ನಾನು ಮೇಟಿಗೆ ಬೆನ್ನು ಕೊಟ್ಟು ಕೂತೆ.

"ಏಳ್ರಿ ಸರ್, ಮೈದಾನದ ನಡುವೆ ಕಂಬ ಯಾವ ರೂಲ್ಸಿನಾಗೂ ಇಲ್ಲ."

"ನಿಮ್ಮ ರೂಲ್ಸ್ ಬರೋಕಿಂತ ಮೊದ್ಲ ಮೇಟಿ ಬಂದೈತ್ರಿ. ನಾ ಏಳಂಗಿಲ್ಲ."

ಸುದ್ದಿ ತಿಳಿದು ಹೆಂಡತಿ ಓಡಿಬಂದಳು. ಎಬ್ಬಿಸಲು ಬಂದಳೆಂದುಕೊಂಡರೆ ಪಕ್ಕದಲ್ಲೇ ಕೂತು, "ರೊಟ್ಟಿ ತಂದೀನಿ, ಉಂಡು ಜಗಳಾಡ್ರಿ" ಎಂದಳು. ಅಷ್ಟರಲ್ಲಿ ಜೆಸಿಬಿ ಓಡಿಸುವ ಹಾಲೇಶ ಕೆಳಗಿಳಿದು, ಚಪ್ಪಲಿ ಬಿಟ್ಟು ಮೇಟಿಗೆ ಕೈ ಮುಗಿದ. "ಇದನ್ನ ಕಿತ್ರ ನಮ್ಮವ್ವ ಮನಿಯಾಗ ಸೇರ್ಸಂಗಿಲ್ರಿ ಸಾಹೇಬ್ರ" ಎಂದು ಗಾಡಿಯ ಕೀಲಿಯನ್ನೇ ಇಂಜಿನಿಯರನ ಕೈಗಿಟ್ಟ.

ಗೆದ್ದೆವೆಂದು ಕುಣಿದೆವು. ಇಂಜಿನಿಯರ್ ಮೇಟಿಯನ್ನು ಮುಟ್ಟಲೇ ಇಲ್ಲ. ಪಕ್ಕದ ಖಾಲಿ ಜಾಗ ಸೇರಿಸಿಕೊಂಡು ಮೈದಾನವನ್ನೇ ಆಚೆ ಸರಿಸಿದ. ಮೇಟಿ ಈಗ ಗೆರೆಯಿಂದ ಹೊರಗೆ. ಮೊನ್ನೆ ಹಳಬರ ಪಂದ್ಯದಲ್ಲಿ ನನಗೂ ಒಮ್ಮೆ ಚೆಂಡು ಸಿಕ್ಕಿತು. ಅಂದಿನ ಹಾಗೆ ಗೋಲಾದೀತೆಂದು ಗುರಿಯಿಟ್ಟು ಮೇಟಿಗೇ ಒದ್ದೆ. ಬಡಿಯಿತು ಕೂಡ. ರೆಫರಿ ಸೀಟಿ ಊದಿ, "ಹೊರಗ ಹೋತು" ಎಂದು ಚೆಂಡನ್ನು ಎದುರಾಳಿಗಳಿಗೆ ಕೊಟ್ಟ. ಗೋಲೆಂದು ಒಪ್ಪುವವರೆಗೆ ಏಳುವುದಿಲ್ಲ ಎಂದು ಸಾರಿ, ಮತ್ತೆ ಮೇಟಿಗೆ ಒರಗಿ ಕೂತೆ. ಈ ಸಲ ಯಾರೂ ಏಳಿ ಎನ್ನಲಿಲ್ಲ. ಗೆರೆಯಾಚೆ ಕೂತವನಿಂದ ಆಟಕ್ಕೇನೂ ಅಡ್ಡಿಯಿರಲಿಲ್ಲ.